ಸೆವೆನ್ಸ್ ಅಂಗಳದಿಂದ ವಿದೇಶಿ ಕ್ಲಬ್ಬಿಗೆ: ದಾರಿ ಯಾವುದು, ಕಾಗದ ಯಾವುದು, ಹಣ ಯಾರದು

ಕಾಸರಗೋಡು ಜಿಲ್ಲೆಯಲ್ಲಿ ತ್ರಿಕರಿಪುರದಿಂದ ಉಪ್ಪಳದ ತನಕ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಮಂದಿಯ ಫುಟ್‌ಬಾಲ್, ಪಂದ್ಯಗಳ ಸೀಸನ್ ಮುಗಿಯುವುದು ಮಳೆಗಾಲ ಹತ್ತಿರ ಬಂದಾಗ. ಅಡಕೆ ಮರದ ಕಂಬಗಳಿಗೆ ಹಗ್ಗ ಬಿಗಿದು ಕಟ್ಟಿದ ಗ್ಯಾಲರಿಯನ್ನು ಬಿಚ್ಚುವ ಹೊತ್ತಿಗೆ ಹುಡುಗರ ಫೋನಿಗೆ ಮೆಸೇಜುಗಳು ಬರತೊಡಗುತ್ತವೆ. ಪೋರ್ಚುಗಲ್‌ನಲ್ಲಿ ಟ್ರಯಲ್ ಇದೆ, ಸೀಟು ಕಡಿಮೆ, ಬೇಗ ಮುಂಗಡ ಕಟ್ಟಿ. ದುಬೈಯ ಕ್ಲಬ್ಬಿಗೆ ಆಟಗಾರರು ಬೇಕು, ಪಾಸ್‌ಪೋರ್ಟ್ ಕಾಪಿ ಕಳಿಸಿ. ಈ ಕಾಲಕ್ಕೇ ಇವು ಬರುವುದಕ್ಕೆ ಕಾರಣವಿದೆ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಆಟಗಾರರನ್ನು ಸೇರಿಸಿಕೊಳ್ಳುವ ದೊಡ್ಡ ಅವಧಿ ನಮ್ಮ ಆಟಿ ತಿಂಗಳ ಆಸುಪಾಸಿನಲ್ಲಿರುತ್ತದೆ. ಅಷ್ಟರ ಮಟ್ಟಿಗೆ ಮೆಸೇಜು ಸತ್ಯ. ಉಳಿದದ್ದರಲ್ಲಿ ಎಷ್ಟು ಸತ್ಯ ಎಂದು ತಿಳಿಯಬೇಕಾದರೆ, ಒಬ್ಬ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವುದು ಹೇಗೆ ಎಂಬುದನ್ನು ಬುಡದಿಂದ ನೋಡಬೇಕು.

ವೃತ್ತಿಪರ ಆಟಗಾರ ಎಂದರೆ ಯಾರು

ಫಿಫಾ ನಿಯಮದಲ್ಲಿ ಇದಕ್ಕೆ ಎರಡೇ ಗುರುತು. ಕ್ಲಬ್ಬಿನೊಂದಿಗೆ ಲಿಖಿತ ಕರಾರು ಇರಬೇಕು. ಆಟಕ್ಕಾಗಿ ಆಗುವ ಖರ್ಚಿಗಿಂತ ಹೆಚ್ಚು ಹಣ ಕ್ಲಬ್ಬಿನಿಂದ ಸಿಗಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಆತ ಹವ್ಯಾಸಿ ಆಟಗಾರ. ಬಸ್ಸಿನ ಹಣ, ಬೂಟು, ಊಟ ಕೊಟ್ಟರೆ ವೃತ್ತಿಪರನಾಗುವುದಿಲ್ಲ.

ಗಲ್ಫಿನ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯ. ಸೂಪರ್‌ಮಾರ್ಕೆಟ್ಟಿನ ವೀಸಾದಲ್ಲಿದ್ದು ರಜೆಯ ದಿನ ಊರವರ ತಂಡಕ್ಕೆ ಆಡುವವರು ಬಹಳ ಮಂದಿ ಇದ್ದಾರೆ. ಅದು ಸಂತೋಷದ ಆಟ, ವೃತ್ತಿಯಲ್ಲ. ಯುಎಇಯಲ್ಲಿ ಒಬ್ಬರ ವೀಸಾದಲ್ಲಿದ್ದುಕೊಂಡು ಅನುಮತಿಯಿಲ್ಲದೆ ಇನ್ನೊಬ್ಬರಲ್ಲಿ ಸಂಬಳಕ್ಕೆ ದುಡಿಯುವುದು ಕಾನೂನಿಗೆ ವಿರುದ್ಧ. 'ಮೊದಲು ಯಾವುದಾದರೂ ವೀಸಾದಲ್ಲಿ ಬಾ, ಕ್ಲಬ್ಬಿಗೆ ಆಮೇಲೆ ಸೇರಿಸುತ್ತೇನೆ' ಎಂದವರ ಮಾತು ನಂಬಿ ಹೋದರೆ ಅಪಾಯಕ್ಕೆ ಸಿಗುವುದು ಆಟಗಾರನೇ.

ಸೆವೆನ್ಸ್ ಆಟ ಕಾಗದದಲ್ಲಿ ಕಾಣುವುದಿಲ್ಲ

ಮಲಬಾರಿನ ಸೆವೆನ್ಸ್‌ನಲ್ಲಿ ಘಾನಾ, ನೈಜೀರಿಯಾ, ಐವರಿ ಕೋಸ್ಟಿನ ಆಟಗಾರರನ್ನು ಎದುರಿಸಿ ಆಡಿದ ಹುಡುಗನಲ್ಲಿ ಕೌಶಲ ಇಲ್ಲ ಎಂದು ಯಾರೂ ಹೇಳಲಾರರು. ಆದರೆ ಈ ಪಂದ್ಯಾವಳಿಗಳಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ, ಅಂದರೆ ಎಐಎಫ್‌ಎಫ್‌ನ, ಮಾನ್ಯತೆ ಇಲ್ಲ. ಹತ್ತು ವರ್ಷ ಆಡಿದರೂ ಅದು ಯಾವ ದಾಖಲೆಯಲ್ಲೂ ಸೇರುವುದಿಲ್ಲ.

ದಾಖಲೆ ಎಂದರೆ ಇಲ್ಲಿ 'ಪ್ಲೇಯರ್ ಪಾಸ್‌ಪೋರ್ಟ್'. ಇದು ವಿಮಾನ ಹತ್ತುವ ಪಾಸ್‌ಪೋರ್ಟ್ ಅಲ್ಲ. 12 ವರ್ಷ ತುಂಬುವ ವರ್ಷದಿಂದ ಆಟಗಾರ ಯಾವ ಯಾವ ಕ್ಲಬ್ಬಿನಲ್ಲಿ ನೋಂದಣಿಯಾಗಿದ್ದ ಎಂಬ ಪಟ್ಟಿ, ಶಾಲೆಯ ಟಿ.ಸಿ.ಯಲ್ಲಿ ಓದಿದ ತರಗತಿ ಬರೆದಿರುವ ಹಾಗೆ. ಭಾರತದಲ್ಲಿ ಈ ನೋಂದಣಿ ನಡೆಯುವುದು ಎಐಎಫ್‌ಎಫ್‌ನ ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಮಾಡಿಸಬೇಕಾದದ್ದು ಕ್ಲಬ್ಬು, ಜಿಲ್ಲಾ ಮತ್ತು ರಾಜ್ಯ ಸಂಸ್ಥೆಗಳ ಮೂಲಕ. ಕಾಸರಗೋಡಿನವರಿಗೆ ಇಲ್ಲಿ ಎರಡು ಬಾಗಿಲು ತೆರೆದಿವೆ. ತೆಂಕಕ್ಕೆ ಕಣ್ಣೂರು, ಕೋಝಿಕ್ಕೋಡಿನ ಕಡೆ ಹೋಗಿ ಕೇರಳ ಪ್ರೀಮಿಯರ್ ಲೀಗ್, 2024ರಲ್ಲಿ ಶುರುವಾದ ಸೂಪರ್ ಲೀಗ್ ಕೇರಳ. ಬಡಗಕ್ಕೆ ಮಂಗಳೂರು ದಾಟಿ ಬೆಂಗಳೂರಿನ ಸೂಪರ್ ಡಿವಿಜನ್. ತ್ರಿಕರಿಪುರದ ಮೊಹಮ್ಮದ್ ರಫಿ ಭಾರತ ತಂಡಕ್ಕೂ ಕೇರಳ ಬ್ಲಾಸ್ಟರ್ಸ್‌ಗೂ ಆಡಿದ್ದು ನೋಂದಾಯಿತ ಕ್ಲಬ್ ಫುಟ್‌ಬಾಲಿನ ಮೆಟ್ಟಿಲು ಹತ್ತಿಯೇ.

ಆಟದ ದೃಷ್ಟಿಯಿಂದಲೂ ವ್ಯತ್ಯಾಸ ದೊಡ್ಡದು. ಹನ್ನೊಂದು ಮಂದಿಯ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಆಟ 90 ನಿಮಿಷ. ಮಧ್ಯಮ ಸಾಲಿನ ಆಟಗಾರ ಒಂದು ಪಂದ್ಯದಲ್ಲಿ ಸುಮಾರು 10 ಕಿಲೋಮೀಟರ್ ಓಡುತ್ತಾನೆ. ಸೆವೆನ್ಸ್‌ನಲ್ಲಿ ಚೆಂಡು ಕಾಲಿಗೆ ಮತ್ತೆ ಮತ್ತೆ ಬರುತ್ತದೆ, ಗೋಲಿಗೆ ದೂರವೂ ಕಡಿಮೆ. ಹನ್ನೊಂದರ ಆಟದಲ್ಲಿ ಚೆಂಡಿಲ್ಲದೆ ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಕ್ಕೆ ಬರಬೇಕು ಎಂಬುದನ್ನೇ ಹೆಚ್ಚು ನೋಡುತ್ತಾರೆ. ವಿದೇಶಿ ಟ್ರಯಲ್‌ನಲ್ಲಿ ಒಳ್ಳೆಯ ಡ್ರಿಬ್ಲರ್‌ಗಳು ಸೋಲುವುದು ಸಾಮಾನ್ಯವಾಗಿ ಈ ಜಾಗದಲ್ಲಿ.

18 ತುಂಬದವರಿಗೆ ಏನು ಅಡ್ಡಿ

ತಂದೆತಾಯಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ವಿಷಯ ಇದು. ಫಿಫಾದ ಆಟಗಾರರ ವರ್ಗಾವಣೆ ನಿಯಮಾವಳಿಯ 19ನೇ ವಿಧಿಯ ಪ್ರಕಾರ 18 ವರ್ಷ ತುಂಬದ ಆಟಗಾರನನ್ನು ಇನ್ನೊಂದು ದೇಶದ ಕ್ಲಬ್ಬಿನಲ್ಲಿ ನೋಂದಾಯಿಸುವಂತಿಲ್ಲ. ಮಕ್ಕಳನ್ನು ಆಸೆ ತೋರಿಸಿ ಕರೆದೊಯ್ದು, ಕಾಲು ಪೆಟ್ಟಾದ ಮೇಲೆ ಬೀದಿಯಲ್ಲಿ ಬಿಡುವುದನ್ನು ತಡೆಯಲು ಮಾಡಿದ ನಿಯಮ.

ಕೆಲವು ವಿನಾಯಿತಿಗಳಿವೆ. ನಮ್ಮ ಊರಿಗೆ ಹೆಚ್ಚು ಹೊಂದುವುದು ಒಂದು: ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಮಗನನ್ನೋ ಮಗಳನ್ನೋ ಅಲ್ಲಿನ ಕ್ಲಬ್ಬು ನೋಂದಾಯಿಸಬಹುದು. ದೋಹಾದಲ್ಲಿ ತಂದೆಯ ಕೆಲಸ, ಕುಟುಂಬವೂ ಅಲ್ಲೇ ಇದೆ ಎಂದಾದರೆ ದಾರಿ ಇದೆ. ಮಗ ಒಬ್ಬನೇ ಚಿಕ್ಕಪ್ಪನ ಮನೆಗೆ ಹೋಗಿ ನಿಂತರೆ ಸಾಲದು. ಕ್ಲಬ್ಬು ತಂದೆಯ ಉದ್ಯೋಗದ ಕರಾರು, ವಾಸದ ಪರವಾನಗಿ, ಮಗುವಿನ ಜನನ ಪತ್ರ ಎಲ್ಲವನ್ನೂ ಇಟ್ಟು ತೋರಿಸಬೇಕಾಗುತ್ತದೆ.

ಇನ್ನೊಂದು ವಿನಾಯಿತಿ ಗಡಿಯಲ್ಲಿರುವವರಿಗೆ. ನಮಗಿದು ಬೇಗ ಅರ್ಥವಾಗುತ್ತದೆ. ತಲಪಾಡಿಯ ಗಡಿ ಎರಡು ರಾಜ್ಯಗಳ ಗಡಿಯಲ್ಲ, ಎರಡು ದೇಶಗಳ ಗಡಿ ಎಂದು ಇಟ್ಟುಕೊಳ್ಳಿ. ಕುಂಬಳೆಯ ಹುಡುಗ ಮಂಗಳೂರಿನ ಕ್ಲಬ್ಬಿಗೆ ಆಡಿ ರಾತ್ರಿ ಮನೆಗೆ ಬಂದು ಮಲಗುತ್ತಾನೆ. ಮನೆಯೂ ಕ್ಲಬ್ಬೂ ಗಡಿಯಿಂದ ತಲಾ 50 ಕಿಲೋಮೀಟರಿನ ಒಳಗೆ ಇದ್ದು, ಆತ ಮನೆಯಲ್ಲೇ ವಾಸವಾಗಿದ್ದು, ಎರಡೂ ಕಡೆಯ ಸಂಸ್ಥೆಗಳು ಒಪ್ಪಿದರೆ ಫಿಫಾ ಬಿಡುತ್ತದೆ. ನಿಜವಾದ ದೇಶದ ಗಡಿ ನಮ್ಮಿಂದ ಬಹಳ ದೂರ, ಹಾಗಾಗಿ ಇದರಿಂದ ನಮಗೆ ಉಪಯೋಗವಿಲ್ಲ. ಐರೋಪ್ಯ ಒಕ್ಕೂಟದ ಒಳಗೆ 16 ದಾಟಿದವರಿಗೆ ಇರುವ ಸಡಿಲಿಕೆಯೂ ಭಾರತದಿಂದ ಹೋಗುವವರಿಗೆ ಅನ್ವಯಿಸುವುದಿಲ್ಲ.

ಹಾಗಾದರೆ 15ರ ಮಕ್ಕಳನ್ನು ಸ್ಪೇನಿನ ಅಕಾಡೆಮಿಗೆ ಲಕ್ಷಗಟ್ಟಲೆ ಫೀಸು ಕೊಟ್ಟು ಕಳಿಸುವುದು ಏನು? ಅದು ಹಾಸ್ಟೆಲ್ ಇರುವ ತರಬೇತಿ ಶಾಲೆ. ವಿದ್ಯಾರ್ಥಿ ವೀಸಾದಲ್ಲಿ ಹೋಗಿ ಕಲಿತು ಬರಬಹುದು. ಆದರೆ ವಿನಾಯಿತಿ ಸಿಗದೆ ಅಲ್ಲಿನ ಅಧಿಕೃತ ಲೀಗಿನಲ್ಲಿ ಆಡಲಾಗದು. ಇದನ್ನು ಬಾಯಿಬಿಟ್ಟು ಹೇಳದೆ ಫೀಸು ಕೇಳುವವರನ್ನು ಪ್ರಶ್ನಿಸಲೇಬೇಕು.

ಟ್ರಯಲ್: ಅಸಲಿ ಪತ್ರದಲ್ಲಿ ಏನಿರುತ್ತದೆ

ಕ್ಲಬ್ಬುಗಳು ಆಟಗಾರನನ್ನು ಮೊದಲು ನೋಡುವುದು ವಿಡಿಯೋದಲ್ಲಿ. ಮೂರರಿಂದ ಐದು ನಿಮಿಷದ ತುಣುಕು ಸಾಕು. ಹಾಡು ಬೇಡ, ಸ್ಲೋ ಮೋಶನ್ ಬೇಡ. ಪ್ರತಿ ತುಣುಕು ಶುರುವಾಗುವಾಗ ಆಟಗಾರ ಯಾರು ಎಂದು ಬಾಣದ ಗುರುತು ಇರಲಿ. ಅದರ ಜೊತೆ ಎರಡು ಪೂರ್ತಿ ಪಂದ್ಯಗಳ ವಿಡಿಯೋ ಕೊಡಬೇಕು, ಯಾಕೆಂದರೆ ಕ್ಲಬ್ಬಿಗೆ ಆಟಗಾರರನ್ನು ಹುಡುಕುವ ಅನುಭವಿ ಸ್ಕೌಟ್ ತಪ್ಪುಗಳನ್ನು ನೋಡಲು ಬಯಸುತ್ತಾನೆ. ಚೆಂಡು ಕಳಕೊಂಡ ಮೇಲಿನ ಐದು ಸೆಕೆಂಡಿನಲ್ಲಿ ಹುಡುಗ ಏನು ಮಾಡುತ್ತಾನೆ ಎಂಬುದು ತುಣುಕಿನಲ್ಲಿ ಸಿಗುವುದಿಲ್ಲ.

ಆಹ್ವಾನ ಬಂದರೆ ಅದು ಕ್ಲಬ್ಬಿನ ಅಧಿಕೃತ ಇಮೇಲ್ ವಿಳಾಸದಿಂದ ಬರಬೇಕು. ಟ್ರಯಲ್ ಯಾವ ದಿನದಿಂದ ಯಾವ ದಿನದ ತನಕ, ಯಾವ ಮೈದಾನ, ಯಾವ ವಯೋಮಾನದ ತಂಡ, ಉಳಿಯುವ ಜಾಗ ಯಾರದು, ಪೆಟ್ಟಾದರೆ ವಿಮೆ ಯಾರದು ಎಂದು ಬರೆದಿರಬೇಕು. ಪತ್ರ ಕಂಡ ಕೂಡಲೇ ಕ್ಲಬ್ಬಿನ ವೆಬ್‌ಸೈಟಿನಲ್ಲಿರುವ ಫೋನಿಗೇ ಕರೆ ಮಾಡಿ ಕೇಳಿ, ಪತ್ರದಲ್ಲಿ ಅಚ್ಚಾದ ನಂಬರಿಗಲ್ಲ. ಕ್ಲಬ್ಬಿನ ಹೆಸರೂ ಲಾಂಛನವೂ ಅಸಲಿಯಾಗಿದ್ದು ಫೋನ್ ನಂಬರು ಮಾತ್ರ ನಕಲಿ ಇರುವ ಪತ್ರಗಳೇ ಹೆಚ್ಚು ಮೋಸ ಮಾಡುವುದು.

ಟ್ರಯಲ್‌ಗೆ ಹೋಗುವ ಮೊದಲು ದೇಹದ ತಯಾರಿಯ ವಿಷಯ. ಹೆಚ್ಚಿನ ಕಡೆ ಯೋ-ಯೋ ಪರೀಕ್ಷೆ ಇರುತ್ತದೆ. 20 ಮೀಟರ್ ಹೋಗಿ 20 ಮೀಟರ್ ಬರುವುದು, ನಡುವೆ 10 ಸೆಕೆಂಡು ಬಿಡುವು, ಬೀಪ್ ಸದ್ದಿನ ವೇಗ ಏರುತ್ತಾ ಹೋಗುತ್ತದೆ. ಶಾಲೆಯ ಅಂಗಳದಲ್ಲಿ ಎರಡು ಕೋನ್ ಇಟ್ಟು ಫೋನಿನಲ್ಲಿ ಬೀಪ್ ಹಾಕಿ ಅಭ್ಯಾಸ ಮಾಡಬಹುದು. ಇಸಿಜಿ ಮತ್ತು ಎಕೋ ಪರೀಕ್ಷೆಯನ್ನು ಊರಲ್ಲೇ ಮಾಡಿಸಿಕೊಂಡು ಹೋಗುವುದು ಒಳ್ಳೆಯದು. ಹೃದಯದ ದೋಷ ಅಲ್ಲಿ ಹೋಗಿ ಗೊತ್ತಾದರೆ ಟಿಕೆಟಿನ ಹಣವೂ ಹೋಯಿತು, ಮನಸ್ಸೂ ಮುರಿಯಿತು.

ಏಜೆಂಟ್ ಯಾರು, ಕಮಿಷನ್ ಎಲ್ಲಿಂದ

2023ರ ಅಕ್ಟೋಬರಿನಿಂದ ಫಿಫಾ ಲೈಸೆನ್ಸ್ ಇಲ್ಲದವರು ಆಟಗಾರರ ಏಜೆಂಟರಾಗಿ ಕೆಲಸ ಮಾಡುವಂತಿಲ್ಲ. ಲೈಸೆನ್ಸಿಗೆ ಪರೀಕ್ಷೆ ಪಾಸಾಗಬೇಕು. ಅದು ವ್ಯಕ್ತಿಗೆ ಸಿಗುವಂಥದ್ದು, ಕಂಪನಿಗಲ್ಲ. ಫಿಫಾ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇರುವವರ ಪಟ್ಟಿ ಇದೆ, ಹೆಸರು ಹಾಕಿ ನೋಡಲು ಎರಡು ನಿಮಿಷ ಸಾಕು. ಆಟಗಾರ ಏಜೆಂಟನೊಂದಿಗೆ ಮಾಡುವ ಒಪ್ಪಂದ ಎರಡು ವರ್ಷಕ್ಕಿಂತ ಹೆಚ್ಚು ಇರಬಾರದು. 18 ತುಂಬದವರಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು.

ಕಮಿಷನ್ ಎಂಬುದು ಆಟಗಾರನಿಗೆ ಸಿಗುವ ಸಂಬಳದ ಇಂತಿಷ್ಟು ಶೇಕಡಾ. ಅದಕ್ಕೆ ಮಿತಿ ಹಾಕುವ ನಿಯಮ ಯುರೋಪಿನ ನ್ಯಾಯಾಲಯಗಳಲ್ಲಿ ಪ್ರಶ್ನೆಗೊಳಗಾಗಿ, 2023ರ ಕೊನೆಯಲ್ಲಿ ಫಿಫಾ ಅದನ್ನು ತಡೆಹಿಡಿಯಿತು. ಮಿತಿ ಎಷ್ಟೇ ಇರಲಿ, ಕರಾರೇ ಆಗದೆ, ಸಂಬಳವೇ ಬಾರದೆ ಕಮಿಷನ್ ಹುಟ್ಟುವುದಿಲ್ಲ. ಮುಂಗಡ 'ರಿಜಿಸ್ಟ್ರೇಶನ್ ಫೀ' ಕೇಳುವವನು ಏಜೆಂಟಿನ ಕೆಲಸ ಮಾಡುತ್ತಿಲ್ಲ, ಟಿಕೆಟ್ ಮಾರುತ್ತಿದ್ದಾನೆ.

ಇನ್ನೊಂದು ಹೆಸರಿನಲ್ಲೂ ಹಣ ಕೇಳುವುದುಂಟು: ಐಟಿಸಿ. ಇದು ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್. ಶಾಲೆ ಬದಲಿಸುವಾಗ ಹಳೆಯ ಶಾಲೆ ಟಿ.ಸಿ. ಕೊಡುವ ಹಾಗೆ, ಎಐಎಫ್‌ಎಫ್ ಈ ಪತ್ರ ಕೊಟ್ಟ ಮೇಲೆಯೇ ಹೊಸ ದೇಶದಲ್ಲಿ ಆಡಬಹುದು. ಆಟಗಾರ ಇದಕ್ಕೆ ಓಡಾಡಬೇಕಾಗಿಲ್ಲ. ಹೊಸ ಕ್ಲಬ್ಬು ಟಿಎಂಎಸ್ ಎಂಬ ಫಿಫಾ ಕಂಪ್ಯೂಟರ್ ವ್ಯವಸ್ಥೆಯಲ್ಲಿ ವಿವರ ತುಂಬುತ್ತದೆ, ಅಲ್ಲಿನ ಸಂಸ್ಥೆ ಇಲ್ಲಿನ ಸಂಸ್ಥೆಯನ್ನು ಕೇಳುತ್ತದೆ. ಐಟಿಸಿ ಉಚಿತವಾಗಿ ಕೊಡಬೇಕೆಂದು ನಿಯಮದಲ್ಲೇ ಬರೆದಿದೆ. 'ಐಟಿಸಿಗೆ 40 ಸಾವಿರ' ಎಂದರೆ ಅಲ್ಲಿಗೆ ಮಾತು ನಿಲ್ಲಿಸಬಹುದು.

ಕ್ಲಬ್ಬು ಒಪ್ಪಿದರೂ ದೇಶ ಒಪ್ಪಬೇಕು

2009ರಲ್ಲಿ ಭಾರತ ತಂಡದ ಸುನಿಲ್ ಚೆಟ್ರಿಯನ್ನು ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರಿಸಿಕೊಳ್ಳಲು ಮುಂದಾಗಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಭಾರತ ಆಗ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಲಿಲ್ಲ, ಅದೇ ಕಾರಣ. ಆಟಗಾರನ ತಪ್ಪು ಏನೂ ಇಲ್ಲ. ಬ್ರಿಟನ್‌ನಲ್ಲಿ ಈಗ ಅಂಕಗಳ ಪದ್ಧತಿ ಇದೆ, ಸಾಮಾನ್ಯವಾಗಿ 15 ಅಂಕ ಬೇಕು. ರಾಷ್ಟ್ರೀಯ ತಂಡದ ಸ್ಥಾನ, ಆಡಿದ ಲೀಗಿನ ಮಟ್ಟ, ಆಡಿದ ನಿಮಿಷಗಳು ಇವುಗಳಿಂದ ಅಂಕ ಸಿಗುತ್ತವೆ. ಭಾರತದ ಸ್ಥಾನ ಇತ್ತೀಚಿನ ವರ್ಷಗಳಲ್ಲಿ 100ರಿಂದ ಹೊರಗೆ ಜಾರಿರುವುದರಿಂದ ನಮ್ಮವರಿಗೆ ಈ ಬಾಗಿಲು ಬಹಳ ಕಿರಿದು.

ಜರ್ಮನಿಯಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ ವೃತ್ತಿಪರ ಕ್ರೀಡಾಪಟುವಿಗೆ ಸರಕಾರ ನಿಗದಿ ಮಾಡಿದ ಕನಿಷ್ಠ ಸಂಬಳವಾದರೂ ಇರಬೇಕು. ನೆದರ್‌ಲ್ಯಾಂಡ್ಸ್‌ನಲ್ಲೂ ಕನಿಷ್ಠ ಸಂಬಳದ ನಿಯಮವಿದ್ದು, ಅದು ಬಹಳ ಎತ್ತರದಲ್ಲಿದೆ. ಈ ನಿಯಮಗಳ ಫಲ ನೋಡಿ: ಸಣ್ಣ ಕ್ಲಬ್ಬುಗಳಿಗೆ ಆಟಗಾರ ಇಷ್ಟವಾದರೂ ಅಷ್ಟು ಸಂಬಳ ಕೊಡುವ ಶಕ್ತಿ ಇರುವುದಿಲ್ಲ. ಆದ್ದರಿಂದಲೇ 'ಐದನೇ ಡಿವಿಜನ್ನಿನಲ್ಲಿ ಶುರು ಮಾಡಿ ಮೇಲೆ ಹೋಗು' ಎಂಬ ಮಾತು ಕೇಳಲು ಸುಲಭ, ಕೆಳಗಿನ ಡಿವಿಜನ್ನಿಗೇ ವೀಸಾ ಸಿಗುವುದು ಕಷ್ಟ.

ಭಾರತೀಯರು ಹೋದ ದಾರಿಗಳನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ಬಿಗೆ ಹೋದರು. ಗುರುಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಸೇರಿ ಯುರೋಪಾ ಲೀಗಿನ ಅರ್ಹತಾ ಪಂದ್ಯ ಆಡಿದರು. ಬಾಲಾ ದೇವಿ 2020ರಲ್ಲಿ ಸ್ಕಾಟ್‌ಲೆಂಡಿನ ರೇಂಜರ್ಸ್‌ಗೆ, ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲೋನ್‌ಗೆ ಹೋದರು. ಎಲ್ಲರೂ ಹೋಗುವ ಮೊದಲೇ ಭಾರತದಲ್ಲಿ ಹೆಸರು ಮಾಡಿದವರು. ಹುಡುಗಿಯರಿಗೂ ಈ ದಾರಿ ತೆರೆದಿದೆ ಎಂಬುದನ್ನು ನಮ್ಮ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ.

ಟ್ರಯಲ್‌ಗೆ ಷೆಂಗೆನ್ ದೇಶಕ್ಕೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಹೋಗುವವರು ಅಲ್ಪಾವಧಿ ವೀಸಾ ಹಾಕುತ್ತಾರೆ. 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ ಬೇಕು. ಆ ವೀಸಾದಲ್ಲಿ ಸಂಬಳಕ್ಕೆ ಆಡುವಂತಿಲ್ಲ. ಕರಾರು ಆದರೆ ಸಾಮಾನ್ಯವಾಗಿ ಊರಿಗೆ ವಾಪಸು ಬಂದು ಕೆಲಸದ ವೀಸಾ ಹೊಡೆಸಿಕೊಂಡು ಮತ್ತೆ ಹೋಗಬೇಕು. ಈ ಎರಡನೇ ಪ್ರಯಾಣಕ್ಕೆ ತಗಲುವ ವಾರಗಳನ್ನು ಲೆಕ್ಕ ಹಾಕದೆ ನೋಂದಣಿಯ ಅವಧಿ ಮುಗಿದುಹೋಗುವುದುಂಟು.

ಹೆಸರಿನ ಒಂದು ಅಕ್ಷರ

ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ 'ಅಬ್ದುಲ್ ರಹಿಮಾನ್ ಕೆ.', ಆಧಾರ್‌ನಲ್ಲಿ 'ಅಬ್ದುಲ್ ರಹ್ಮಾನ್', ಸಿಆರ್‌ಎಸ್‌ನಲ್ಲಿ ಜರ್ಸಿಯ ಹೆಸರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ ಅಥವಾ ಮಲಯಾಳ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಯ ನಡುವೆ ಓಡಾಡುವ ನಮ್ಮ ಜಿಲ್ಲೆಯಲ್ಲಿ ಇದು ಬಹಳ ಸಾಮಾನ್ಯ. ವಿದೇಶಿ ಕ್ಲಬ್ಬಿನ ಗುಮಾಸ್ತನಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಎಲ್ಲವನ್ನೂ ಪಾಸ್‌ಪೋರ್ಟಿನ ಹೆಸರಿಗೆ ಹೊಂದಿಸಿ. ಇನಿಶಿಯಲ್ ಬಿಡಿಸಿ ಬರೆಸಿ, ಮನೆಹೆಸರಿನ ಜಾಗ ಖಾಲಿ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಬರಲು ಯುಎಇ 2022ರ ನವೆಂಬರಿನಿಂದ ಅಡ್ಡಿ ಮಾಡಿದೆ.

ಹುಟ್ಟಿದ ದಿನ ಇನ್ನೂ ಸೂಕ್ಷ್ಮ. ಚಿಕ್ಕ ವಯಸ್ಸಿನ ಟೂರ್ನಿ ಆಡಿಸಲು ಯಾರೋ ಎರಡು ವರ್ಷ ಕಡಿಮೆ ಬರೆಸಿದ್ದರೆ ಆ ಸುಳ್ಳು 20ನೇ ವಯಸ್ಸಿನಲ್ಲಿ ಹೊರಬರುತ್ತದೆ. ಎಐಎಫ್‌ಎಫ್ ಮೂಳೆಯ ಎಕ್ಸ್‌-ರೇ ನೋಡಿ ವಯಸ್ಸು ಅಂದಾಜು ಮಾಡುವ ಪರೀಕ್ಷೆಯನ್ನೂ ಬಳಸುತ್ತದೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಗುರುತು ಇರುತ್ತದೆ. ಆಗ ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರಕಾರದ ಎಮಿಗ್ರೇಶನ್ ಅನುಮತಿ ಬೇಕು. ಆಟದ ಹುಚ್ಚಿನಲ್ಲಿ ಹತ್ತನೇ ಪರೀಕ್ಷೆ ಬಿಟ್ಟವರಿಗೆ ಇದು ನೆನಪಿರಲಿ. ಸರ್ಟಿಫಿಕೇಟಿನ ದೃಢೀಕರಣಕ್ಕೆ ಕೇರಳದಲ್ಲಿ ಹೊರನಾಡಿನ ಕೇರಳೀಯರಿಗಾಗಿರುವ ಸರಕಾರಿ ಸಂಸ್ಥೆ ನೋರ್ಕಾ ರೂಟ್ಸ್ ಇದೆ.

ಕರಾರಿನಲ್ಲಿ ನೋಡಬೇಕಾದದ್ದು

ಅವಧಿ ಕನಿಷ್ಠ ಆ ಸೀಸನ್ ಮುಗಿಯುವ ತನಕ, ಹೆಚ್ಚೆಂದರೆ ಐದು ವರ್ಷ. 18ರೊಳಗಿನವರಿಗೆ ಮೂರೇ ವರ್ಷ. 'ವೈದ್ಯಕೀಯ ಪರೀಕ್ಷೆ ಪಾಸಾದರೆ ಮಾತ್ರ', 'ವರ್ಕ್ ಪರ್ಮಿಟ್ ಸಿಕ್ಕಿದರೆ ಮಾತ್ರ ಕರಾರು ಊರ್ಜಿತ' ಎಂಬ ಸಾಲು ಇದ್ದರೆ ಅದು ಫಿಫಾ ನಿಯಮಕ್ಕೆ ವಿರುದ್ಧ. ಆ ಎರಡನ್ನೂ ಕ್ಲಬ್ಬು ಸಹಿಗೆ ಮೊದಲೇ ನೋಡಿಕೊಳ್ಳಬೇಕು. ಸಂಬಳ ತೆರಿಗೆ ಕಳೆದ ಮೇಲಿನದ್ದೋ ಕಳೆಯುವ ಮೊದಲಿನದ್ದೋ ಎಂದು ಬರೆದಿರಬೇಕು, ಕೆಲವು ದೇಶಗಳಲ್ಲಿ ಈ ವ್ಯತ್ಯಾಸವೇ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಮನೆ, ವಿಮಾನ ಟಿಕೆಟ್, ಬೋನಸ್ ಬಾಯಿಮಾತಿನಲ್ಲಿ ಬೇಡ.

ಗಾಯದ ಸಾಲನ್ನು ಎರಡು ಸಲ ಓದಿ. ಸಂದೇಶ್ ಜಿಂಗನ್ 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್ ಸೇರಿ, ಗಾಯದಿಂದ ಒಂದು ಅಧಿಕೃತ ಪಂದ್ಯವನ್ನೂ ಆಡಲಾಗದೆ ಭಾರತಕ್ಕೆ ಮರಳಿದರು. ಭಾರತ ತಂಡದ ಆಟಗಾರನಿಗೆ ಮರಳಲು ಕ್ಲಬ್ಬು ಇತ್ತು. ಇಪ್ಪತ್ತರ ಹುಡುಗನಿಗೆ ಮಂಡಿಯ ಲಿಗಮೆಂಟ್ ಹರಿದರೆ ಶಸ್ತ್ರಚಿಕಿತ್ಸೆ, ಆರೆಂಟು ತಿಂಗಳ ವಿಶ್ರಾಂತಿ, ಅಷ್ಟು ಕಾಲದ ಸಂಬಳ ಯಾರು ಕೊಡುತ್ತಾರೆ ಎಂಬುದು ಬರೆಹದಲ್ಲಿ ಇರಲೇಬೇಕು.

ಇಲ್ಲಿನ ಕ್ಲಬ್ಬಿನೊಂದಿಗೆ ಕರಾರು ಬಾಕಿ ಇರುವಾಗ ಅಲ್ಲಿ ಸಹಿ ಹಾಕಬೇಡಿ. ಒಂದೇ ಕಾಲಕ್ಕೆ ಎರಡು ಕರಾರು ಸಿಕ್ಕಿಬಿದ್ದರೆ ಪರಿಹಾರ ಕೊಡಬೇಕು, ತಿಂಗಳುಗಟ್ಟಲೆ ನಿಷೇಧವೂ ಬರಬಹುದು. ಕರಾರಿನ ಕೊನೆಯ ಆರು ತಿಂಗಳಲ್ಲಿ ಮಾತ್ರ, ಮುಂದಿನ ಕಾಲಕ್ಕೆ, ಬೇರೆ ಕ್ಲಬ್ಬಿನೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು.

ಸಂಬಳ ಬಾರದಿದ್ದರೆ

ಎರಡು ತಿಂಗಳ ಸಂಬಳ ಬಾಕಿಯಾದರೆ ಕ್ಲಬ್ಬಿಗೆ ಬರೆಹದಲ್ಲಿ ನೋಟಿಸು ಕೊಟ್ಟು 15 ದಿನ ಕಾಯಬೇಕು. ಆಗಲೂ ಕೊಡದಿದ್ದರೆ ಆಟಗಾರ ಕರಾರು ಮುರಿಯಬಹುದು, ತಪ್ಪು ಕ್ಲಬ್ಬಿನದ್ದೇ ಆಗುತ್ತದೆ. ನೋಟಿಸು ಕೊಡದೆ ಕೋಪದಲ್ಲಿ ವಿಮಾನ ಹತ್ತಿದರೆ ಕರಾರು ಮುರಿದವನು ಆಟಗಾರ ಎಂದು ಕ್ಲಬ್ಬು ವಾದಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ದೂರು ಹೋಗುವುದು ಫಿಫಾದ ವಿವಾದ ಪರಿಹಾರ ಚೇಂಬರಿಗೆ. ಆಟಗಾರರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಬೇಕಾಗುವುದು ಸಹಿಯಾದ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ನೋಟಿಸಿನ ಇಮೇಲ್. ಸಂಬಳವನ್ನು ಕೈಯಲ್ಲಿ ನಗದಾಗಿ ಪಡೆದವರಿಗೆ ಎಷ್ಟು ಬಂತು, ಎಷ್ಟು ಬಾಕಿ ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಪಾಸ್‌ಪೋರ್ಟನ್ನು ಕ್ಲಬ್ಬಿಗಾಗಲಿ ಏಜೆಂಟನಿಗಾಗಲಿ ಇಟ್ಟುಕೊಳ್ಳಲು ಕೊಡಬೇಡಿ, ಎಲ್ಲ ಕಾಗದದ ಒಂದು ಪ್ರತಿ ಊರಿನ ಮನೆಯಲ್ಲಿರಲಿ. ಸಿಕ್ಕಿಹಾಕಿಕೊಂಡರೆ ಭಾರತೀಯ ರಾಯಭಾರ ಕಚೇರಿ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್, ಭಾರತದ ಆಟಗಾರರ ಸಂಘ ಎಫ್‌ಪಿಎಐ ಇವೆ.

ಊರಿನ ಕ್ಲಬ್ಬಿಗೆ ಬರಬೇಕಾದ ಪಾಲು

ಕ್ಲಬ್ಬಿನ ಕಾರ್ಯದರ್ಶಿಗಳು ಓದಬೇಕಾದ ಭಾಗ ಇದು. ಕರಾರು ಇರುವಾಗಲೇ ಆಟಗಾರ ಹಣಕ್ಕೆ ಮತ್ತೊಂದು ದೇಶದ ಕ್ಲಬ್ಬಿಗೆ ವರ್ಗವಾದರೆ, ಆ ಹಣದ 5 ಶೇಕಡಾ ಅವನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಹೋಗುತ್ತದೆ. 12ರಿಂದ 15ರ ತನಕ ವರ್ಷಕ್ಕೆ 0.25 ಶೇಕಡಾ, 16ರಿಂದ 23ರ ತನಕ ವರ್ಷಕ್ಕೆ 0.5 ಶೇಕಡಾ. ಮೊಗ್ರಾಲಿನ ಒಂದು ಕ್ಲಬ್ಬಿನಲ್ಲಿ 14ರಿಂದ 17ರ ತನಕ ನಾಲ್ಕು ವರ್ಷ ಆಡಿದ ಹುಡುಗ ಮುಂದೊಂದು ದಿನ 1 ಕೋಟಿ ರೂಪಾಯಿಗೆ ವರ್ಗವಾದ ಎನ್ನೋಣ. 14, 15ಕ್ಕೆ ತಲಾ 25 ಸಾವಿರ, 16, 17ಕ್ಕೆ ತಲಾ 50 ಸಾವಿರ, ಒಟ್ಟು ಒಂದೂವರೆ ಲಕ್ಷ. ನೆಟ್ಟು, ಚೆಂಡು, ಮಕ್ಕಳ ಬೂಟಿಗೆ ಎರಡು ಮೂರು ವರ್ಷಕ್ಕೆ ಸಾಕಾಗುವ ಹಣ. ಇದಲ್ಲದೆ, ಆತ ಮೊದಲ ಸಲ ವೃತ್ತಿಪರ ಕರಾರಿಗೆ ಸಹಿ ಹಾಕಿದಾಗ ತರಬೇತಿ ಪರಿಹಾರ ಎಂಬ ಇನ್ನೊಂದು ಬಾಬತ್ತೂ ಬರಬಹುದು.

ಹಂಚುವ ಕೆಲಸವನ್ನು 2022ರ ನವೆಂಬರಿನಿಂದ ಪ್ಯಾರಿಸ್ಸಿನಲ್ಲಿರುವ ಫಿಫಾ ಕ್ಲಿಯರಿಂಗ್ ಹೌಸ್ ಮಾಡುತ್ತಿದೆ. ಅದು ನೋಡುವುದು ನೋಂದಣಿಯ ದಾಖಲೆಯನ್ನು ಮಾತ್ರ. ಕ್ಲಬ್ಬಿನ ಗೋಡೆಯಲ್ಲಿ ತೂಗುವ ಫೋಟೋ, ಹಳೆಯ ಟ್ರೋಫಿ, ಕೋಚಿನ ಮಾತು ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಕ್ಲಬ್ಬು ಜಿಲ್ಲಾ ಸಂಸ್ಥೆಯಲ್ಲಿ ಸೇರಿರಬೇಕು, 12 ತುಂಬುವ ವರ್ಷವೇ ಹುಡುಗನ ಹೆಸರು ಸಿಆರ್‌ಎಸ್‌ನಲ್ಲಿ ಏರಬೇಕು, ಪ್ರತಿ ಸೀಸನ್ ನವೀಕರಿಸಬೇಕು. ಬ್ಯಾಂಕ್ ಖಾತೆ ಅಧ್ಯಕ್ಷರ ಹೆಸರಿನಲ್ಲಲ್ಲ, ಕ್ಲಬ್ಬಿನ ಹೆಸರಿನಲ್ಲೇ ಇರಬೇಕು.